ಚರ್ಚೆ ಮುಗಿದ ಮೇಲಿನ ಒಂದು ಗಂಟೆ

1976ರ ಅಕ್ಟೋಬರ್ 6ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದ ರಂಗಮಂದಿರವೊಂದರಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಅವರ ಎದುರಾಳಿ ಜಿಮ್ಮಿ ಕಾರ್ಟರ್ ಟಿ.ವಿ. ಚರ್ಚೆಗೆ ನಿಂತಿದ್ದರು. ವಿಷಯ ವಿದೇಶಾಂಗ ನೀತಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಕ್ಸ್ ಫ್ರಾಂಕೆಲ್ ಸೋವಿಯತ್ ಒಕ್ಕೂಟದೊಂದಿಗಿನ ಸಂಬಂಧದ ಬಗ್ಗೆ ಪ್ರಶ್ನೆ ಕೇಳಿದರು. ಉತ್ತರಿಸುತ್ತ ಉತ್ತರಿಸುತ್ತ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ, ತಮ್ಮ ಆಡಳಿತ ಇರುವ ತನಕ ಇರುವುದೂ ಇಲ್ಲ ಎಂದುಬಿಟ್ಟರು. ಫ್ರಾಂಕೆಲ್ ನಡುವೆ ಬಾಯಿ ಹಾಕಿ, ನಾನು ಕೇಳಿಸಿಕೊಂಡದ್ದು ಸರಿಯೇ ಎಂದು ಮತ್ತೊಮ್ಮೆ ವಿಚಾರಿಸಿದರು. ಅದು ತಿದ್ದಿಕೊಳ್ಳಲು ಸಿಕ್ಕ ಅವಕಾಶ. ಫೋರ್ಡ್ ತಿದ್ದಿಕೊಳ್ಳಲಿಲ್ಲ. ಯುಗೊಸ್ಲಾವಿಯ, ರುಮೇನಿಯ, ಪೋಲೆಂಡ್ ಎಂದು ಒಂದೊಂದೇ ದೇಶದ ಹೆಸರು ಹಿಡಿದು, ಅಲ್ಲಿನ ಜನ ತಾವು ಸೋವಿಯತ್ ಅಂಕೆಯಲ್ಲಿದ್ದೇವೆ ಎಂದುಕೊಂಡಿಲ್ಲ ಎಂದರು. ಪೋಲೆಂಡಿನಲ್ಲಿ ಆಗ ಸೋವಿಯತ್ ಸೈನ್ಯ ಬೀಡುಬಿಟ್ಟಿತ್ತು.

ಚರ್ಚೆ ಮುಗಿದ ಕೂಡಲೇ ಫೋರ್ಡ್ ಅವರ ಸಮೀಕ್ಷಾ ತಂಡ ನೋಡುಗರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳಿತು. ಆ ರಾತ್ರಿ ಮಾತಾಡಿದವರಲ್ಲಿ ಫೋರ್ಡ್ ಅವರೇ ಮುಂದಿದ್ದರು. ಪೂರ್ವ ಯುರೋಪಿನ ಮಾತನ್ನು ತಪ್ಪೆಂದು ತಾವಾಗಿ ಎತ್ತಿದವರು ಇಲ್ಲವೆನ್ನುವಷ್ಟು ಕಡಿಮೆ. ಮರುದಿನ ಬೆಳಗ್ಗೆ ಪತ್ರಿಕೆಗಳು ಬಂದವು, ಸಂಜೆ ಟಿ.ವಿ. ವಾರ್ತೆಗಳು ಬಂದವು, ಎಲ್ಲದರಲ್ಲೂ ಆ ಒಂದು ವಾಕ್ಯವೇ ತಲೆಬರಹ. ಅಂದು ರಾತ್ರಿ ಅದೇ ಪ್ರಶ್ನೆ ಕೇಳಿದಾಗ ಕಾರ್ಟರ್ ಭಾರಿ ಅಂತರದಿಂದ ಗೆದ್ದಿದ್ದರು. ಚರ್ಚೆ ಬದಲಾಗಿರಲಿಲ್ಲ. ಅದೇ ಮಾತು, ಅದೇ ಮುಖ, ಅದೇ ದೀಪದ ಬೆಳಕು. ಬದಲಾಗಿದ್ದು ಅದನ್ನು ನೋಡಿದವರ ನೆನಪು.

ಈ ಘಟನೆಯನ್ನು ಅಮೆರಿಕದ ಪತ್ರಿಕೋದ್ಯಮದ ಪಾಠಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಸಾಮಾನ್ಯವಾಗಿ ಅದರಿಂದ ತೆಗೆಯುವ ನೀತಿ ಒಂದೇ: ಮಾಧ್ಯಮ ಜನರ ಮನಸ್ಸನ್ನು ತಿರುಗಿಸಿಬಿಡುತ್ತದೆ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ವಾರ್ಸಾದ ಹೊರಗೆ ಎಷ್ಟು ಸೋವಿಯತ್ ಸೈನಿಕರಿದ್ದಾರೆ ಎನ್ನುವುದು ಓಹಾಯೊದ ರೈತನಿಗಾಗಲಿ ಟೆಕ್ಸಸ್‌ನ ನರ್ಸ್‌ಗಾಗಲಿ ಗೊತ್ತಿರಬೇಕಾಗಿಲ್ಲ. 1956ರಲ್ಲಿ ಹಂಗೆರಿಯಲ್ಲೂ 1968ರಲ್ಲಿ ಪ್ರಾಗ್‌ನಲ್ಲೂ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದನ್ನು ಬಲ್ಲ ಪತ್ರಕರ್ತ, ನೀವು ಕೇಳಿದ ಆ ವಾಕ್ಯ ವಾಸ್ತವಕ್ಕೆ ಹೊಂದುವುದಿಲ್ಲ ಎಂದು ಮರುದಿನ ತಿಳಿಸಿದರೆ ಅದು ಅವನ ಕರ್ತವ್ಯ. ಅದನ್ನು ತಿಳಿದ ಮೇಲೆ ಓದುಗ ತನ್ನ ಅಭಿಪ್ರಾಯ ಬದಲಿಸಿಕೊಂಡರೆ ಅದು ದೌರ್ಬಲ್ಯವಲ್ಲ, ವಿವೇಕ. ಆದರೆ ಆ ದಿನದ ವರದಿಗಳಲ್ಲಿ ಇನ್ನೊಂದು ಸಂಗತಿಯೂ ಬೆರೆತಿತ್ತು: ಫೋರ್ಡ್ ಎಡವಿದರು, ಆದ್ದರಿಂದ ಸೋತರು. ಮೊದಲನೆಯದು ಮಾಹಿತಿ, ಎರಡನೆಯದು ತೀರ್ಪು. ಎರಡೂ ಒಂದೇ ಧ್ವನಿಯಲ್ಲಿ, ಒಂದೇ ಉಸಿರಿನಲ್ಲಿ ಬಂದಾಗ ಕೇಳುವವನಿಗೆ ಯಾವುದನ್ನು ಸ್ವೀಕರಿಸುತ್ತಿದ್ದೇನೆ ಎಂದು ಗೊತ್ತಾಗುವುದಿಲ್ಲ. ಮಾಹಿತಿಗೆ ಬಾಗಿಲು ತೆಗೆದಾಗ ಅದರ ಬೆನ್ನಿಗೇ ತೀರ್ಪೂ ಒಳಗೆ ಬಂದು ಕುಳಿತುಬಿಡುತ್ತದೆ.

ಹೀಗೆ ನೋಡಿದರೆ, ಅಧ್ಯಕ್ಷೀಯ ಚರ್ಚೆಗಳ ಆರು ದಶಕಗಳ ಕಥೆ ಎಂದರೆ ಮಾಹಿತಿಯ ಪಾಲು ಕುಗ್ಗುತ್ತ ತೀರ್ಪಿನ ಪಾಲು ಹಿಗ್ಗಿದ ಕಥೆ. ಅದರ ಜೊತೆಗೆ ತೀರ್ಪು ಬರುವ ವೇಗವೂ ಹೆಚ್ಚಿತು. ಫೋರ್ಡ್ ಕಾಲದಲ್ಲಿ ತೀರ್ಪು ಗಟ್ಟಿಯಾಗಲು ಒಂದು ಹಗಲು ಬೇಕಾಯಿತು. 1980ರ ಅಕ್ಟೋಬರ್ 28ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಕಾರ್ಟರ್ ಮತ್ತು ರೇಗನ್ ಚರ್ಚೆ ಮುಗಿಸಿದ ಕೂಡಲೇ ಎಬಿಸಿ ವಾಹಿನಿ ಎರಡು ಫೋನ್ ನಂಬರ್ ಕೊಟ್ಟಿತು. ಕರೆಯೊಂದಕ್ಕೆ 50 ಸೆಂಟ್. ಏಳು ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು, ರೇಗನ್ ಪರವಾಗಿ ಒಂದಕ್ಕೆ ಎರಡರ ಪ್ರಮಾಣದಲ್ಲಿ. ಫೋನ್ ಮಾಡಲು ದುಡ್ಡು ಮತ್ತು ಹುಮ್ಮಸ್ಸು ಇದ್ದವರು ಎಷ್ಟು ಸಲ ಬೇಕಾದರೂ ಮಾಡಬಹುದಿತ್ತು. ಸಮೀಕ್ಷೆಯ ಯಾವ ನಿಯಮಕ್ಕೂ ಹೊಂದದ ಈ ಎಣಿಕೆ, ನೋಡುಗರು ಮಲಗುವ ಮೊದಲೇ ದೇಶಕ್ಕೆ ಫಲಿತಾಂಶದಂತೆ ಕೇಳಿಸಿತು. 1984ರ ಹೊತ್ತಿಗೆ ಚರ್ಚೆಯ ಸಭಾಂಗಣದ ಪಕ್ಕದಲ್ಲೇ ಇನ್ನೊಂದು ಕೋಣೆ ಮುಖ್ಯವಾಗತೊಡಗಿತು. ಎರಡೂ ಪಕ್ಷಗಳ ಸಲಹೆಗಾರರು ಅಲ್ಲಿ ಪತ್ರಕರ್ತರ ನಡುವೆ ಓಡಾಡುತ್ತ ತಮ್ಮವರೇ ಗೆದ್ದರೆಂದು ಮನವರಿಕೆ ಮಾಡುವ ಪದ್ಧತಿ ಬಂತು. ಅದಕ್ಕೆ ಸ್ಪಿನ್ ರೂಮ್ ಎಂಬ ಹೆಸರೂ ಬಂತು. ಇವತ್ತು ಅದು ಗುಟ್ಟಲ್ಲ. ಯಾರ ಪರ ಮಾತಾಡುವವರು ಎಂದು ಎಲ್ಲರಿಗೂ ಕಾಣುವಂತೆ ಹೆಸರಿನ ಫಲಕಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿರುತ್ತಾರೆ.

ಮನುಷ್ಯ ಬೇರೆಯವರ ತೀರ್ಪಿಗೆ ಇಷ್ಟು ಸುಲಭವಾಗಿ ಒಲಿಯುವುದೇಕೆ? ಪಕ್ಕದವರ ಮುಖ ನೋಡದೆ ತೀರ್ಮಾನ ಮಾಡುವುದು ನಮಗೆ ಕಷ್ಟ. 1984ರ ಎರಡನೆಯ ಚರ್ಚೆಯಲ್ಲಿ ರೇಗನ್ ವಯಸ್ಸಿನ ಪ್ರಶ್ನೆ ಬಂತು. ತಮ್ಮ ಎದುರಾಳಿಯ ಎಳೆಯ ವಯಸ್ಸು ಮತ್ತು ಅನನುಭವವನ್ನು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲ ಎಂದು 73ರ ರೇಗನ್ ಹೇಳಿದಾಗ ಸಭೆಯೆಲ್ಲ ನಕ್ಕಿತು, ಎದುರಾಳಿ ವಾಲ್ಟರ್ ಮೊಂಡೇಲ್ ಕೂಡ ನಕ್ಕರು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಟೀವನ್ ಫೈನ್ ಮತ್ತು ಸಂಗಡಿಗರು ಆ ಚರ್ಚೆಯ ದೃಶ್ಯವನ್ನು ಬೇರೆ ಬೇರೆ ರೀತಿಯಲ್ಲಿ ಕತ್ತರಿಸಿ ವಿದ್ಯಾರ್ಥಿಗಳಿಗೆ ತೋರಿಸಿದರು. ರೇಗನ್ ಮಾತನ್ನು ಹಾಗೇ ಉಳಿಸಿ ಸಭೆಯ ನಗುವನ್ನು ಮಾತ್ರ ತೆಗೆದಾಗ, ನೋಡಿದವರು ರೇಗನ್‌ಗೆ ಕೊಟ್ಟ ಅಂಕ ಎದ್ದು ಕಾಣುವಷ್ಟು ಇಳಿಯಿತು. ಮಾತಿಗಿಂತ ಆ ಮಾತಿಗೆ ನಕ್ಕವರು ಹೆಚ್ಚು ಕೆಲಸ ಮಾಡಿದ್ದರು. 2010ರ ಬ್ರಿಟನ್ ಚುನಾವಣೆಯ ಹೊತ್ತಿಗೆ ಪರದೆಯ ಕೆಳಗೆ ಹರಿಯುವ ಗೆರೆ ಬಂದಿತ್ತು. ಆಯ್ದ ಕೆಲವರು ಗುಂಡಿ ಒತ್ತಿ ತಿಳಿಸುವ ಮೆಚ್ಚುಗೆ ಆ ಕ್ಷಣವೇ ಮೇಲೆ ಕೆಳಗೆ ಆಡುವ ಗೆರೆ ಅದು. ಸಂಶೋಧಕರು ಆ ಗೆರೆಯನ್ನು ತಾವೇ ಬೇಕೆಂದಂತೆ ಆಡಿಸಿ ತೋರಿಸಿದಾಗ, ಯಾರು ಗೆದ್ದರು ಎಂಬ ನೋಡುಗರ ಅಭಿಪ್ರಾಯವೂ ಅದರ ಜೊತೆಗೇ ಆಡಿತು. ಆ ಗೆರೆ ಸುಳ್ಳೆಂದು ಅವರಿಗೆ ತಿಳಿದಿರಲಿಲ್ಲ. 2004ರಲ್ಲಿ ಬುಷ್ ಮತ್ತು ಕೆರ್‍ರಿ ಅರಿಝೋನಾದ ಟೆಂಪಿಯಲ್ಲಿ ಚರ್ಚಿಸಿದಾಗ, ಅಧ್ಯಯನವೊಂದರಲ್ಲಿ ಪಾಲ್ಗೊಂಡವರ ಪೈಕಿ ಚರ್ಚೆಯನ್ನಷ್ಟೇ ನೋಡಿದವರು ಕೆರ್‍ರಿ ಕಡೆ ವಾಲಿದರು. ಅದರ ಬೆನ್ನಿಗೆ ಎನ್‌ಬಿಸಿಯ ವಿಶ್ಲೇಷಣೆಯನ್ನೂ ನೋಡಿದವರು ಬುಷ್ ಕಡೆ ವಾಲಿದರು. ಅವರೆಲ್ಲ ನೋಡಿದ ಚರ್ಚೆ ಒಂದೇ. ಬೇರೆಯಾದದ್ದು ಅದು ಮುಗಿದ ಮೇಲಿನ ಸ್ವಲ್ಪ ಹೊತ್ತು.

ಇದು ಅಭ್ಯರ್ಥಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. 1976ರ ಮೊದಲ ಚರ್ಚೆ ಫಿಲಡೆಲ್ಫಿಯಾದಲ್ಲಿ ನಡೆಯಿತು. ಚರ್ಚೆ ಇನ್ನೇನು ಮುಗಿಯುವ ಹೊತ್ತಿಗೆ ಧ್ವನಿ ವ್ಯವಸ್ಥೆ ಕೆಟ್ಟಿತು. 27 ನಿಮಿಷ ದೇಶಕ್ಕೆ ಏನೂ ಕೇಳಿಸಲಿಲ್ಲ. ಆ 27 ನಿಮಿಷವೂ ಫೋರ್ಡ್ ಮತ್ತು ಕಾರ್ಟರ್ ತಮ್ಮ ತಮ್ಮ ಪೀಠದ ಹಿಂದೆ ನಿಂತೇ ಇದ್ದರು. ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ, ಕುಳಿತುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಫೋರ್ಡ್ ಅದರ ಬಗ್ಗೆ ಮಾತಾಡುತ್ತ, ಕೂರಬೇಕೆಂದು ಇಬ್ಬರಿಗೂ ಅನ್ನಿಸಿದ್ದಿರಬೇಕು, ಆದರೆ ಇಂಥ ಸಣ್ಣ ತೊಂದರೆಯನ್ನೂ ತಡೆದುಕೊಳ್ಳಲಾರರು ಎಂದು ಜನ ತಿಳಿದಾರೆಂದು ಇಬ್ಬರೂ ಹಿಂಜರಿದೆವು ಎಂದರು. ಪ್ರಪಂಚದ ಅತ್ಯಂತ ದೊಡ್ಡ ಅಧಿಕಾರಕ್ಕೆ ಸ್ಪರ್ಧಿಸುತ್ತಿದ್ದ ಇಬ್ಬರು ವಯಸ್ಕರು ಒಂದು ಕುರ್ಚಿಗೆ ಹೆದರಿದ್ದರು. ಅವರು ಹೆದರಿದ್ದು ಒಬ್ಬರಿಗೊಬ್ಬರಲ್ಲ, ನಾಳೆಯ ವರದಿಗೆ.

ಈ ಎಲ್ಲವನ್ನೂ ನಾನು ಓದಿ ತಿಳಿದಿದ್ದೆ. ಅದರ ತೂಕ ನನಗೆ ನಿಜವಾಗಿ ತಟ್ಟಿದ್ದು 2024ರ ಬೇಸಿಗೆಯಲ್ಲಿ, ಓಹಾಯೊದ ಕೊಲಂಬಸ್‌ನಲ್ಲಿರುವ ಮಗಳ ಮನೆಯಲ್ಲಿ. ಅಮೆರಿಕದಲ್ಲಿರುವ ಸಾವಿರಾರು ಕನ್ನಡ ಮನೆಗಳಂತೆ ಅದೂ ಒಂದು: ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಎಚ್-1ಬಿ ವೀಸಾ, ಗ್ರೀನ್ ಕಾರ್ಡಿಗಾಗಿ ಕೊನೆಯಿಲ್ಲದ ಕಾಯುವಿಕೆ, ತೊಟ್ಟಿಲಲ್ಲಿ ಒಂದು ಕೂಸು. ಬಾಣಂತನ ಮುಗಿದು ಮಗಳು ಕೆಲಸಕ್ಕೆ ಮರಳಿದ್ದಳು. ಅಲ್ಲಿನ ಡೇ ಕೇರ್‌ಗೆ ಕೊಡಬೇಕಾದ ದುಡ್ಡು ಮನೆ ಬಾಡಿಗೆಯ ಹತ್ತಿರ ಹತ್ತಿರ ಹೋಗುತ್ತದೆ. ಆದ್ದರಿಂದ ಊರಿನಿಂದ ಅಜ್ಜಿ ತಾತಂದಿರು ಆರು ತಿಂಗಳ ಸರದಿಯಲ್ಲಿ ಬರುತ್ತಾರೆ, ಮೊದಲು ಒಂದು ಕಡೆಯವರು, ಆಮೇಲೆ ಬೀಗರು. ವಿಮಾನ ನಿಲ್ದಾಣದಲ್ಲಿ ಸರದಿ ಮುಗಿಸಿ ಹೊರಟವರೂ ಸರದಿಗೆ ಬಂದವರೂ ಎದುರಾಗುವುದುಂಟು. ನನ್ನದೂ ಆಗ ಅಂಥ ಸರದಿಯೇ.

ಜೂನ್ 27ರ ರಾತ್ರಿ ಒಂಬತ್ತಕ್ಕೆ ಅಟ್ಲಾಂಟಾದ ಸಿಎನ್‌ಎನ್ ಸ್ಟುಡಿಯೊದಲ್ಲಿ ಬೈಡನ್ ಮತ್ತು ಟ್ರಂಪ್ ಎದುರುಬದುರಾದರು. ಸಭಿಕರಿರಲಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಬಂದ್. ಐದು ಕೋಟಿಗೂ ಹೆಚ್ಚು ಜನ ನೋಡಿದ ಆ ಚರ್ಚೆಯನ್ನು ನಾವು ಕೂಸನ್ನು ಮಲಗಿಸಿ, ಟಿ.ವಿ.ಯ ಧ್ವನಿ ತಗ್ಗಿಸಿ ನೋಡಿದೆವು. ಶುರುವಾಗಿ ಕಾಲು ಗಂಟೆಯೊಳಗೆ ಬೈಡನ್ ಒಂದು ಉತ್ತರದ ನಡುವೆ ಎಳೆ ಕಳೆದುಕೊಂಡು, ಕೊನೆಗೆ ಹಿರಿಯರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇರ್ ಅನ್ನು ಸೋಲಿಸಿದೆವು ಎಂದು ನಿಲ್ಲಿಸಿದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಂಡ ಯಾರಿಗೇ ಆದರೂ ಆ ಕ್ಷಣಕ್ಕೆ ವಿಶ್ಲೇಷಣೆ ಬೇಕಿರಲಿಲ್ಲ.

ಆಮೇಲೆ ಬಹಳ ಹೊತ್ತಿನ ಮೇಲೆ ನಿರ್ವಾಹಕ ಜೇಕ್ ಟ್ಯಾಪರ್ ಒಂದು ಪ್ರಶ್ನೆ ಕೇಳಿದರು. ಒಂದು ಮಗುವಿನ ಪಾಲನೆಗೆ ವರ್ಷಕ್ಕೆ ಸರಾಸರಿ 11,000 ಡಾಲರಿಗೂ ಹೆಚ್ಚು ಖರ್ಚಾಗುತ್ತಿದೆ, ಇಬ್ಬರು ಮಕ್ಕಳಿದ್ದರೆ ಎಷ್ಟೋ ಮನೆಗಳಲ್ಲಿ ಅದು ಬಾಡಿಗೆಯನ್ನೂ ಮೀರುತ್ತದೆ, ಇದನ್ನು ಇಳಿಸಲು ಏನು ಮಾಡುತ್ತೀರಿ? ಅಳಿಯ ಸೋಫಾದಿಂದ ಮುಂದಕ್ಕೆ ಬಾಗಿ, “ಅತ್ತೆ, ಕೇಳಿದ್ರಾ? ಇದು ನಮ್ಮನೆ ಪ್ರಶ್ನೆ” ಎಂದ. “ಸುಮ್ನಿರಿ, ಉತ್ತರ ಕೇಳೋಣ” ಎಂದಳು ಮಗಳು.

ಉತ್ತರ ಬರಲಿಲ್ಲ. ಟ್ರಂಪ್ ತಾವು ಯಾರನ್ನು ಕೆಲಸದಿಂದ ತೆಗೆದರು, ಬೈಡನ್ ಯಾರನ್ನೂ ಏಕೆ ತೆಗೆಯಲಿಲ್ಲ ಎಂದು ಹೇಳಿದರು. ಟ್ಯಾಪರ್ ಮಕ್ಕಳ ಪಾಲನೆಯ ಪ್ರಶ್ನೆಯನ್ನು ಮತ್ತೆ ನೆನಪಿಸಿದರು. ಎರಡನೆಯ ಸಲವೂ ಟ್ರಂಪ್ ಬೇರೆ ಕಡೆ ಹೋದರು. ಬೈಡನ್ ಹೆಚ್ಚಿನ ಸಮಯವನ್ನು ಎದುರಾಳಿಯನ್ನು ಟೀಕಿಸುವುದಕ್ಕೆ ಕೊಟ್ಟು, ತೆರಿಗೆ ರಿಯಾಯಿತಿಯ ಬಗ್ಗೆ ಒಂದೆರಡು ಮಾತು ಹೇಳಿದರು. ಕೊನೆಕೊನೆಗೆ, ಗಾಲ್ಫ್ ಆಟದಲ್ಲಿ ತಮ್ಮಲ್ಲಿ ಯಾರು ಗಟ್ಟಿಗರು ಎಂದು 81ರವರೂ 78ರವರೂ ವಾದಿಸಿದರು.

ಚರ್ಚೆ ಮುಗಿಯಿತು. ಪರದೆಯ ಮೇಲೆ ವಿಶ್ಲೇಷಕರು ಬಂದರು. ಡೆಮಾಕ್ರಟಿಕ್ ಪಕ್ಷದೊಳಗೆ ದಿಗಿಲು ಹುಟ್ಟಿದೆ ಎಂದು ಜಾನ್ ಕಿಂಗ್ ಹೇಳಿದರು. ಅಲ್ಲಿಂದ ಮುಂದಿನ ಮೂರು ವಾರ ಅದೊಂದೇ ಸುದ್ದಿ. ಮರುದಿನವೇ ನ್ಯೂಯಾರ್ಕ್ ಟೈಮ್ಸ್‌ನ ಸಂಪಾದಕೀಯ ಬೈಡನ್ ಕಣದಿಂದ ಹಿಂದೆ ಸರಿಯಬೇಕೆಂದಿತು. ಜುಲೈ 21ರಂದು ಅವರು ಸರಿದರು. ಮಾಧ್ಯಮ ಇಲ್ಲಿ ತಪ್ಪು ಮಾಡಿತು ಎಂದು ನಾನು ಹೇಳುವುದಿಲ್ಲ. ಅಧ್ಯಕ್ಷನ ಆರೋಗ್ಯ ದೇಶದ ಪ್ರಶ್ನೆಯೇ. ಜನ ತಮ್ಮ ಕಣ್ಣಾರೆ ಕಂಡದ್ದನ್ನು ಮಾಧ್ಯಮವೂ ಹೇಳಿತು. ಈ ಸಲ ತೀರ್ಪು ಮೊದಲು ಜನರ ಮನಸ್ಸಿನಲ್ಲಿ ಹುಟ್ಟಿ ಆಮೇಲೆ ಸ್ಟುಡಿಯೊಗೆ ಹೋಯಿತು. 1976ರಂತೆ ಸ್ಟುಡಿಯೊದಿಂದ ಜನರಿಗೆ ಬರಲಿಲ್ಲ.

ಆದರೆ ಆ ಒಂದು ಸತ್ಯ ಮಿಕ್ಕ ಎಲ್ಲ ಸತ್ಯಗಳ ಮೇಲೆ ಕುಳಿತುಕೊಂಡಿತು. ಸಿಎನ್‌ಎನ್‌ನ ಡೇನಿಯಲ್ ಡೇಲ್ ಆ ಚರ್ಚೆಯಲ್ಲಿ ಟ್ರಂಪ್ ಹೇಳಿದ 30ಕ್ಕೂ ಹೆಚ್ಚು ಮಾತುಗಳನ್ನು, ಬೈಡನ್ ಹೇಳಿದ ಕನಿಷ್ಠ 9 ಮಾತುಗಳನ್ನು ಸುಳ್ಳೆಂದು ಪಟ್ಟಿ ಮಾಡಿದರು. ನೋಡುಗನಿಗೆ ತನ್ನ ಕಣ್ಣಿನಿಂದ ತಿಳಿಯಲಾಗದ ಮಾಹಿತಿ ಎಂದರೆ ಅದೇ; ಪತ್ರಕರ್ತನ ನಿಜವಾದ ಕೆಲಸವೂ ಅದೇ. ಅದು ಬಂದದ್ದು ತಡವಾಗಿ, ತೀರ್ಪಿನ ಗದ್ದಲ ಆಗಲೇ ತಾರಕಕ್ಕೆ ಹೋದ ಮೇಲೆ. ಎಲ್ಲರಿಗೂ ಕಂಡದ್ದನ್ನು ಗಂಟೆಗಟ್ಟಲೆ ಮತ್ತೆ ತೋರಿಸಿದರು. ಯಾರಿಗೂ ಕಾಣದ್ದಕ್ಕೆ ಕೆಲವು ನಿಮಿಷ ಕೊಟ್ಟರು. ಮಕ್ಕಳ ಪಾಲನೆಯ ಆ ಪ್ರಶ್ನೆಯಂತೂ ನಾನು ನೋಡಿದ ಪರದೆಗಳಲ್ಲಿ ಮತ್ತೆ ಕಾಣಲಿಲ್ಲ. ಉತ್ತರ ಕೊಡದೆ ಹೋದವರನ್ನು ಬೆನ್ನು ಹತ್ತಿ ಕೇಳಿದವರೂ ಕಾಣಲಿಲ್ಲ. ಇಬ್ಬರಲ್ಲಿ ಯಾರು ಗೆದ್ದರು ಎಂಬುದಕ್ಕೆ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲವಲ್ಲ!

ಆ ರಾತ್ರಿ ನನಗೆ ಹೊಳೆದದ್ದು ಇದು. ಆ ದೇಶದಲ್ಲಿ ಮತವಿಲ್ಲದ ನಾವು ಮೂವರೂ ಚರ್ಚೆಯನ್ನು ಬೇರೆ ಕಿವಿಯಿಂದ ಕೇಳಿದ್ದೆವು. ನಮಗೆ ಯಾರನ್ನೂ ಗೆಲ್ಲಿಸುವ ಶಕ್ತಿ ಇರಲಿಲ್ಲ, ಆದ್ದರಿಂದ ಯಾರು ಗೆದ್ದರು ಎಂಬ ಕುತೂಹಲವೂ ಅಷ್ಟಾಗಿ ಇರಲಿಲ್ಲ. ವೀಸಾ ಏನಾದೀತು, ಕೂಸಿನ ಖರ್ಚು ಏನಾದೀತು, ನಾಳೆ ಈ ದೇಶ ನಮ್ಮ ಮಕ್ಕಳನ್ನು ಹೇಗೆ ನಡೆಸಿಕೊಂಡೀತು ಎಂಬುದಷ್ಟೇ ನಮಗೆ ಬೇಕಿತ್ತು. ಪ್ರಶ್ನೆ ಹಿಡಿದು ಕೂತವರಿಗೆ ಚರ್ಚೆ ಒಂದು ರೀತಿ ಕಾಣುತ್ತದೆ, ಫಲಿತಾಂಶಕ್ಕೆ ಕಾದು ಕೂತವರಿಗೆ ಇನ್ನೊಂದು ರೀತಿ. ಮಾಧ್ಯಮ ಎಲ್ಲರನ್ನೂ ಎರಡನೆಯ ಗುಂಪಿಗೆ ಸೇರಿಸಿಬಿಡುತ್ತದೆ. ನನ್ನ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಬೇಕಾದ ಮತದಾರ, ಬೇರೆಯವರು ಯಾರಿಗೆ ಮತ ಹಾಕಿಯಾರು ಎಂದು ಲೆಕ್ಕ ಹಾಕುವ ಸಣ್ಣ ವಿಶ್ಲೇಷಕನಾಗಿಬಿಡುತ್ತಾನೆ. ತನಗೆ ಹಿಡಿಸಿತೇ ಎಂದು ಕೇಳಿದರೆ, ಅದು ಪೆನ್ಸಿಲ್ವೇನಿಯಾದವರಿಗೆ ಹಿಡಿಸಲಿಕ್ಕಿಲ್ಲ ಎಂದು ಉತ್ತರಿಸುತ್ತಾನೆ.

ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಮತ್ತು ಟ್ರಂಪ್ ಚರ್ಚಿಸಿದಾಗಲೂ ನಾನು ಅಲ್ಲೇ ಇದ್ದೆ. ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ಗೆ ಬಂದ ವಲಸಿಗರು ಅಲ್ಲಿನವರ ನಾಯಿ ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದು ಟ್ರಂಪ್ ಹೇಳಿದ್ದು ಅವತ್ತೇ. ನಿರ್ವಾಹಕ ಡೇವಿಡ್ ಮ್ಯೂರ್ ಅಲ್ಲೇ ತಡೆದು, ತಮ್ಮ ವಾಹಿನಿ ನಗರದ ಆಡಳಿತಾಧಿಕಾರಿಯನ್ನೇ ವಿಚಾರಿಸಿದೆ, ನಂಬುವಂಥ ಯಾವ ದೂರೂ ಇಲ್ಲವೆಂದು ಅವರು ಹೇಳಿದ್ದಾರೆ ಎಂದು ತಿಳಿಸಿದರು. ಮಾಹಿತಿ ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬಂದ ಅಪರೂಪದ ಗಳಿಗೆ ಅದು. ಅದಾಗಿ ಒಂದು ಗಂಟೆಯೊಳಗೆ ಮತ್ತೆ ಅದೇ ಶುರು: ಹ್ಯಾರಿಸ್ ಗೆದ್ದರು, ಟ್ರಂಪ್ ಗಾಳಕ್ಕೆ ಬಿದ್ದರು. ಫೋನುಗಳಲ್ಲಿ ಬೆಕ್ಕಿನ ಚಿತ್ರಗಳು, ಆ ಮಾತಿಗೆ ತಾಳ ಕೂಡಿಸಿದ ಹಾಡುಗಳು ಹರಿದಾಡಿದವು.

ಸ್ಪ್ರಿಂಗ್‌ಫೀಲ್ಡ್ ಕೊಲಂಬಸ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಸುಮಾರು 60,000 ಜನರ ಊರು. ಕಾರ್ಖಾನೆಗಳಲ್ಲಿ, ಗೋದಾಮುಗಳಲ್ಲಿ ಕೆಲಸ ಸಿಗುತ್ತದೆಂದು ಕೆಲವೇ ವರ್ಷಗಳಲ್ಲಿ ಸಾವಿರಾರು ಹೈಟಿ ದೇಶದವರು ಅಲ್ಲಿಗೆ ಬಂದಿದ್ದರು. ಅವರಲ್ಲಿ ಹೆಚ್ಚಿನವರು ಕಾನೂನುಬದ್ಧವಾಗಿ ನೆಲೆಸಿದವರು. ಚರ್ಚೆಯಾದ ಎರಡೇ ದಿನಕ್ಕೆ ಅಲ್ಲಿನ ನಗರಸಭೆ ಕಟ್ಟಡಕ್ಕೂ ಶಾಲೆಗೂ ಬಾಂಬ್ ಬೆದರಿಕೆ ಬಂತು. ಮುಂದಿನ ದಿನಗಳಲ್ಲಿ ಬೆದರಿಕೆಗಳ ಸಂಖ್ಯೆ 33ಕ್ಕೆ ಏರಿತು ಎಂದು ರಾಜ್ಯಪಾಲ ಮೈಕ್ ಡಿವೈನ್ ತಿಳಿಸಿದರು. ಎಲ್ಲವೂ ಹುಸಿ, ಆದರೂ ಪ್ರತಿದಿನ ಬೆಳಗ್ಗೆ ಶಾಲೆಗಳನ್ನು ತಪಾಸಣೆ ಮಾಡಲು ರಾಜ್ಯ ಪೊಲೀಸರನ್ನು ಕಳಿಸಬೇಕಾಯಿತು. ಆ ಶನಿವಾರ ಮಗಳ ಗೆಳತಿಯ ಮನೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಊಟಕ್ಕೆ ಸೇರಿದ್ದವು. ಬೆಕ್ಕಿನ ಹಾಡನ್ನು ಯಾರೋ ಫೋನಿನಲ್ಲಿ ಹಾಕಿದರು. ಆ ಊರಿನ ಕಡೆ ಕೆಲಸಕ್ಕೆ ಹೋಗುವ ಒಬ್ಬಾಕೆ ತಟ್ಟೆ ಕೆಳಗಿಟ್ಟು, “ದಯವಿಟ್ಟು ನಿಲ್ಸಿ. ನನ್ನ ಜೊತೆ ಕೆಲ್ಸ ಮಾಡೋಳು ಮಗನ್ನ ಅರ್ಧ ದಿನಕ್ಕೇ ಸ್ಕೂಲಿಂದ ಕರ್ಕೊಂಡು ಬಂದಿದಾಳೆ” ಎಂದಳು. ಹಾಡು ನಿಂತಿತು.

ಆ ಹುಡುಗ ಯಾವ ವಿಶ್ಲೇಷಕನ ಅಂಕಪಟ್ಟಿಯಲ್ಲೂ ಇರಲಿಲ್ಲ. ಒಂದು ಮಾತು ಯಾರಿಗೆ ಲಾಭ ತಂದಿತು ಎಂದು ಎಣಿಸಿದವರಿಗೆ ಅದು ಯಾರ ಮೇಲೆ ಬಿತ್ತು ಎಂಬುದು ಕಾಣಲಿಲ್ಲ. ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಅಲ್ಲಿನ ಅಂಗಡಿ, ಚರ್ಚು, ಶಾಲೆಗಳ ಬಗ್ಗೆ ಬರೆದ ಪತ್ರಕರ್ತರೂ ಇದ್ದರು. ಅವರ ವರದಿಗಳಿಂದಲೇ ಇಷ್ಟೂ ನಮಗೆ ತಿಳಿದದ್ದು. ಕಸುಬಿನ ಮರ್ಯಾದೆ ಉಳಿದಿರುವುದು ಅಂಥವರಿಂದ. ಸ್ಟುಡಿಯೊದಲ್ಲಿ ಕುಳಿತು ಗೆಲುವು ಸೋಲು ಹಂಚುವವನು ಮತ್ತು ಊರಿಗೆ ಹೋಗಿ ಬಾಗಿಲು ತಟ್ಟುವವನು ಒಂದೇ ಸಂಸ್ಥೆಯಲ್ಲಿ ಸಂಬಳ ಪಡೆಯಬಹುದು. ಆದರೆ ಒಬ್ಬ ನನ್ನ ತೀರ್ಮಾನವನ್ನು ತಾನು ಮಾಡಿ ಮುಗಿಸುತ್ತಾನೆ, ಇನ್ನೊಬ್ಬ ಅದನ್ನು ನಾನೇ ಮಾಡಲು ಬೇಕಾದದ್ದನ್ನು ತಂದುಕೊಡುತ್ತಾನೆ.

ನಾನು ಸಾಗರದ ಕಡೆಯವಳು. ತಾಳಮದ್ದಳೆ ಕೇಳಿ ಬೆಳೆದವಳು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥಧಾರಿ ತನ್ನ ಪಕ್ಷವನ್ನು ಗಂಟೆಗಟ್ಟಲೆ ವಾದಿಸುತ್ತಾನೆ, ಕೃಷ್ಣ ಒಂದೊಂದೇ ಎಳೆ ಬಿಡಿಸಿ ಉತ್ತರಿಸುತ್ತಾನೆ. ಕೊನೆಗೆ ಯಾರೂ ಎದ್ದು ನಿಂತು ಗೆದ್ದವರನ್ನು ಘೋಷಿಸುವುದಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಕೇಳಿದವರೇ ತಮ್ಮತಮ್ಮಲ್ಲಿ, ಆ ಮಾತಿಗೆ ಉತ್ತರ ಬಂತೇ, ಇದಕ್ಕೆ ಅವನು ಜಾರಿಕೊಂಡನಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ದೇಶದ ಅಧಿಕಾರ ಕೈ ಬದಲಾಗುವ ಚರ್ಚೆಯೂ ಅದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಕೊನೆ ಬರೆಯುವವರು ಕೇಳುಗರೇ. ಹಾಗಿರುವಾಗ ದಾರಿಯಲ್ಲಿ ಮಾತಾಡಿಕೊಳ್ಳುವ ಆ ಸಮಯ ಇಲ್ಲಿನ ಕೇಳುಗನಿಗೆ ಇನ್ನೂ ಹೆಚ್ಚು ಬೇಕು. ಟಿ.ವಿ. ಕಿತ್ತುಕೊಂಡಿರುವುದು ಅದನ್ನೇ. ಚರ್ಚೆಯ ಕೊನೆಯ ಮಾತಿಗೂ ವಿಶ್ಲೇಷಕನ ಮೊದಲ ಮಾತಿಗೂ ನಡುವೆ ಉಸಿರಾಡುವಷ್ಟೂ ಬಿಡುವಿಲ್ಲ.

ಪ್ರಶ್ನೆ ಹಿಡಿದು ಕೇಳುವುದು ಪಂಡಿತರಿಗಷ್ಟೇ ಸಾಧ್ಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1992ರ ಅಕ್ಟೋಬರ್ 15ರಂದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಹಿರಿಯ ಬುಷ್, ಕ್ಲಿಂಟನ್ ಮತ್ತು ರಾಸ್ ಪೆರೋ ಮುಂದೆ ಸಾಮಾನ್ಯ ಮತದಾರರೇ ಪ್ರಶ್ನೆ ಕೇಳಿದರು. ಆ ಚರ್ಚೆ ಎಂದರೆ ಇವತ್ತಿಗೂ ಎಲ್ಲರಿಗೂ ನೆನಪಾಗುವುದು ಬುಷ್ ಗಡಿಯಾರ ನೋಡಿಕೊಂಡದ್ದು. ಅವರು ಗಡಿಯಾರ ನೋಡಿದಾಗ ಎದುರಿಗೆ ಒಬ್ಬ ಯುವತಿ ಪ್ರಶ್ನೆ ಕೇಳುತ್ತಿದ್ದಳು: ದೇಶದ ಸಾಲ ನಿಮ್ಮ ಸ್ವಂತ ಬದುಕನ್ನು ಹೇಗೆ ತಟ್ಟಿದೆ, ತಟ್ಟದಿದ್ದರೆ ಜನರ ಸಂಕಟಕ್ಕೆ ನೀವು ಪರಿಹಾರ ಹುಡುಕುವುದಾದರೂ ಹೇಗೆ? ಬುಷ್ ಪ್ರಶ್ನೆ ಅರ್ಥವಾಗಲಿಲ್ಲವೆಂದಾಗ ಆಕೆ ಹಿಂದೆ ಸರಿಯಲಿಲ್ಲ. ಮನೆ ಸಾಲದ, ಕಾರು ಸಾಲದ ಕಂತು ಕಟ್ಟಲಾಗದವರನ್ನು ತಾನು ಬಲ್ಲೆ ಎಂದು ಬಿಡಿಸಿ ಹೇಳಿದಳು. ಅದೇ ಸಂಜೆ ಇನ್ನೊಬ್ಬ ಮತದಾರ ಎದ್ದು, ಒಬ್ಬರನ್ನೊಬ್ಬರು ಹಳಿಯುವುದು ಬಿಟ್ಟು ನಮ್ಮ ಅಗತ್ಯಗಳ ಬಗ್ಗೆ ಮಾತಾಡುತ್ತೀರಾ ಎಂದು ಮೂವರನ್ನೂ ಕೇಳಿದ. ಪತ್ರಕರ್ತರಲ್ಲದ ಇಬ್ಬರು ಎತ್ತಿದ ಪ್ರಶ್ನೆಗಳು ಇವು. ವರದಿಗಳು ಗಡಿಯಾರವನ್ನು ಉಳಿಸಿಕೊಂಡವು, ಪ್ರಶ್ನೆಯನ್ನು ಬಿಟ್ಟುಕೊಟ್ಟವು.

ಅಮೆರಿಕದಲ್ಲಿ ಮತ ಇರುವ ಕನ್ನಡಿಗರು ಇಂದು ಕಡಿಮೆಯಿಲ್ಲ. ಅವರಿಗೆ, ಮುಂದೆ ಮತ ಪಡೆಯುವ ಅವರ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಚರ್ಚೆಗೆ ಕೂರುವ ಮೊದಲು ನಿಮ್ಮ ಮನೆಯ ಎರಡೋ ಮೂರೋ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಚರ್ಚೆ ಮುಗಿದ ಕೂಡಲೇ ಟಿ.ವಿ. ಆರಿಸಿ, ಫೋನನ್ನೂ ಬದಿಗಿಡಿ. ಒಂದು ಗಂಟೆ ಮನೆಯವರ ಜೊತೆ ಮಾತಾಡಿ: ನಮ್ಮ ಪ್ರಶ್ನೆ ಬಂತೇ, ಬಂದಿದ್ದರೆ ಉತ್ತರ ಬಂತೇ, ಉತ್ತರದಲ್ಲಿ ಹೇಳಿದ್ದು ನಿಜವೇ ಎಂದು ಎಲ್ಲಿ ನೋಡಬೇಕು? ಮರುದಿನ ಚರ್ಚೆಯ ಮಾತುಗಳನ್ನು ಅಕ್ಷರರೂಪದಲ್ಲಿ ಓದಿ. ನಾನು ಜೂನ್ 27ರ ಚರ್ಚೆಯನ್ನು ಹಾಗೆ ಓದಿದೆ. ಮುಖ, ಧ್ವನಿ, ತಡವರಿಕೆ ಎಲ್ಲ ಹಿಂದೆ ಸರಿದು, ಯಾರು ಯಾವ ಪ್ರಶ್ನೆಯಿಂದ ಹೇಗೆ ತಪ್ಪಿಸಿಕೊಂಡರು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಅದಾದ ಮೇಲೆ ವಿಶ್ಲೇಷಣೆ ಕೇಳಿ, ಖಂಡಿತ ಕೇಳಿ. ಆಗ ಪತ್ರಕರ್ತ ನಿಮಗೆ ಗೊತ್ತಿಲ್ಲದ ಸಂಗತಿ ಹೇಳಿದರೆ ಕೃತಜ್ಞತೆಯಿಂದ ಮನಸ್ಸು ಬದಲಿಸಿಕೊಳ್ಳುತ್ತೀರಿ. ಬರೀ ತೀರ್ಪು ಹೇಳಿದರೆ, ನಿಮ್ಮದು ನಿಮ್ಮ ಬಳಿ ಆಗಲೇ ಇರುತ್ತದೆ.

ಮಾಧ್ಯಮದವರಿಗೂ ಒಂದು ಮಾತು. ಚರ್ಚೆ ಮುಗಿದ ಮೊದಲ ಗಂಟೆಯಲ್ಲಿ ಯಾರು ಗೆದ್ದರೆಂದು ಹೇಳಬೇಡಿ. ಕೇಳಿದ ಪ್ರಶ್ನೆಗಳ ಪಟ್ಟಿ ಹಾಕಿ, ಯಾವುದಕ್ಕೆ ಉತ್ತರ ಬಂತು, ಯಾವುದಕ್ಕೆ ಬರಲಿಲ್ಲ, ಯಾವ ಉತ್ತರ ಸುಳ್ಳು ಎಂದು ತೋರಿಸಿ. ಅದಕ್ಕೆ ಬೇಕಾದ ಜ್ಞಾನವೂ ಜನರೂ ನಿಮ್ಮಲ್ಲಿದ್ದಾರೆ. ತೀರ್ಪು ಕೊಡಲು ದೇಶ ನವೆಂಬರ್‌ನಲ್ಲಿ ಒಂದು ದಿನವನ್ನು ಗೊತ್ತುಮಾಡಿದೆ. ಅವತ್ತು ಯಾವ ನಿರೂಪಕನಿಗೂ ಎರಡನೆಯ ಮತ ಇರುವುದಿಲ್ಲ. ಚರ್ಚೆಯ ರಾತ್ರಿಯೂ ಇರಬಾರದು.